ಬೆಸೆದ ಬೆನ್ನೆಲುಬಿಗೆ ಬಾಗೂ ಬೇಕು

ಮುರಿದ ಕಾಲು ಕೂಡಿಕೊಂಡರೆ ಸಾಲದು, ನೆಟ್ಟಗೆ ಕೂಡಿಕೊಳ್ಳಬೇಕು ಎಂಬುದನ್ನು ಎಲ್ಲರೂ ಬಲ್ಲರು. ಸೊಂಟದ ಬೆನ್ನೆಲುಬಿನ ವಿಷಯ ಇದಕ್ಕೆ ತಿರುವುಮುರುವು: ಅದು ತಕ್ಕ ಬಾಗಿನಲ್ಲಿ ಕೂಡಿಕೊಳ್ಳಬೇಕು. ಈ ಪಾಠವನ್ನು ಕಲಿಯಲು ಶಸ್ತ್ರವೈದ್ಯಕ್ಕೆ ಹಲವು ದಶಕಗಳೇ ಬೇಕಾದುವು. ಬೆಲೆ ತೆತ್ತವರು ರೋಗಿಗಳು.

ನಮ್ಮ ಬೆನ್ನೆಲುಬು ಹಿಂದಿನಿಂದ ನೋಡಿದರೆ ನೇರವಾಗಿಯೂ ಪಕ್ಕದಿಂದ ನೋಡಿದರೆ ಬಳುಕಿಯೂ ಕಾಣುವುದು. ಸೊಂಟದ 5 ಮಣಿಗಳು ಹೊಟ್ಟೆಯ ಕಡೆಗೆ ಉಬ್ಬಿ ಬಾಗಿವೆ. ಈ ಬಾಗಿನಿಂದಲೇ ಮೈಭಾರವು ಕಾಲುಗಳ ಮೇಲೆ ಸಮನಾಗಿ ನಿಂತು, ನಾವು ಹೆಚ್ಚು ಆಯಾಸವಿಲ್ಲದೆ ನಿಲ್ಲಬಲ್ಲೆವು. ಅದರ ಸುಮಾರು ಮೂರರಲ್ಲಿ ಎರಡು ಪಾಲು ತಳದ ಎರಡು ಮಣಿಗಳ ಭಾಗದಲ್ಲಿಯೇ ಇದೆ. ಮಣಿಗಳನ್ನು ಒಂದಕ್ಕೊಂದು ಬೆಸೆಯುವ ಶಸ್ತ್ರಚಿಕಿತ್ಸೆ ಹೆಚ್ಚಾಗಿ ನಡೆಯುವುದೂ ಅಲ್ಲಿಯೇ.

ಇಂತಹ ಬೆಸುಗೆಯನ್ನು ನ್ಯೂಯಾರ್ಕಿನ ಹಿಬ್ಸ್ ಮತ್ತು ಆಲ್ಬೀ ಎಂಬ ವೈದ್ಯರು 1911ರಲ್ಲಿ ಬೇರೆಬೇರೆಯಾಗಿ ಪ್ರಕಟಿಸಿದರು. ಮುಂದೆ ಹ್ಯೂಸ್ಟನ್ನಿನ ಪಾಲ್ ಹ್ಯಾರಿಂಗ್‌ಟನ್, ಪಕ್ಕಕ್ಕೆ ಡೊಂಕಾದ ಬೆನ್ನನ್ನು ಉಕ್ಕಿನ ಸರಳಿನಿಂದ ಹಿಗ್ಗಿಸಿ ನೇರಮಾಡುವ ವಿಧಾನವನ್ನು 1962ರಲ್ಲಿ ಪ್ರಕಟಿಸಿದರು. ಪೋಲಿಯೋ ಪೀಡಿತ ಮಕ್ಕಳಿಗೆ ಅದು ದೊಡ್ಡ ಉಪಕಾರ. ಆದರೆ ಸರಳು ಸೊಂಟದ ತಳದವರೆಗೆ ಇಳಿದಾಗ, ಕೆಟ್ಟ ಡೊಂಕಿನೊಡನೆ ಒಳ್ಳೆಯ ಬಾಗೂ ಅಳಿಯಿತು. ವರ್ಷಗಳು ಕಳೆದಂತೆ ಕೆಲವರು ಮುಂದಕ್ಕೆ ಬಗ್ಗಿ, ಮೊಣಕಾಲು ಮಡಿಸಿಯೇ ನಿಲ್ಲುವಂತಾದರು. ವೈದ್ಯರು ಇದನ್ನು ‘ಚಪ್ಪಟೆ ಬೆನ್ನು’ ಎಂದು ಕರೆದರು. ಎಲುಬೇನೋ ಚೆನ್ನಾಗಿಯೇ ಕೂಡಿಕೊಂಡಿತ್ತು!

ಒಂದೆರಡು ಮಣಿಗಳನ್ನಷ್ಟೇ ಬೆಸೆಯುವಾಗಲೂ ಇದೇ ಎಚ್ಚರ ಬೇಕು. ಬೆಸೆದ ಭಾಗ ಚಪ್ಪಟೆಯಾದರೆ ಮೇಲಿನ ಕೀಲುಗಳು ಹಿಂದಕ್ಕೆ ಹೆಚ್ಚು ಬಾಗಿ ಸರಿತೂಗಿಸಬೇಕಾಗುವುದು; ಅವು ಬೇಗ ಸವೆಯಬಹುದು. ವಯಸ್ಸಿನ ಸವೆತವೂ ಇದರಲ್ಲಿ ಸೇರಿರುವುದರಿಂದ ಎಲ್ಲ ದೋಷವನ್ನೂ ಬಾಗಿನ ಮೇಲೆ ಹೊರಿಸುವುದು ನ್ಯಾಯವಲ್ಲ.

ಬೇಕಾದ ಬಾಗು ಎಲ್ಲರಿಗೂ ಒಂದೇ ಅಲ್ಲ. ಬೆನ್ನೆಲುಬನ್ನು ಹೊತ್ತ ಶ್ರೋಣಿಯ ಆಕಾರವನ್ನು ಸೂಚಿಸುವ ಒಂದು ಕೋನವನ್ನು ಫ್ರಾನ್ಸಿನ ದ್ಯುವಾಲ್-ಬೋಪೆರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ವಿವರಿಸಿದರು. ಬೆಳೆವಣಿಗೆ ಮುಗಿದ ಮೇಲೆ ಬಹುಮಟ್ಟಿಗೆ ಸ್ಥಿರವಾಗಿರುವ ಇದು ಒಬ್ಬರಲ್ಲಿ 35 ಡಿಗ್ರಿಯಿದ್ದರೆ ಇನ್ನೊಬ್ಬರಲ್ಲಿ 80 ಇರಬಹುದು. ಕೋನ ಹೆಚ್ಚಿದಷ್ಟೂ ಸೊಂಟದ ಬಾಗೂ ಹೆಚ್ಚಿರಬೇಕು.

ಆದುದರಿಂದ ಬೆಸುಗೆಗೆ ಮುನ್ನ ರೋಗಿಯನ್ನು ನಿಲ್ಲಿಸಿ ಕ್ಷ-ಕಿರಣ ಚಿತ್ರ ತೆಗೆದು, ಅವನ ಬಾಗನ್ನು ಅಳೆಯುವುದು ವಾಡಿಕೆಯಾಗಬೇಕೆಂಬುದು ನನ್ನ ಅಭಿಪ್ರಾಯ. ಡಿಗ್ರಿಗಳ ಬೆನ್ನುಹತ್ತಿ ಶಸ್ತ್ರಚಿಕಿತ್ಸೆಯನ್ನು ಹಿಗ್ಗಿಸಬಾರದು, ನಿಜ. ಆದರೆ ಅಳೆಯುವುದರಿಂದ ಆಗುವ ಹೊರೆ ಅಲ್ಪ, ಅಳೆಯದೆ ಬೆಸೆದ ತಪ್ಪನ್ನು ತಿದ್ದುವ ಹೊರೆ ಬಹಳ ದೊಡ್ಡದು.

ಎಲುಬು ಕೂಡಿತೇ ಎಂಬ ಪ್ರಶ್ನೆಗೆ ಒಂದೆರಡು ವರ್ಷಗಳಲ್ಲಿ ಉತ್ತರ ದೊರೆಯುವುದು. ರೋಗಿ ಸಂಜೆಯವರೆಗೆ ನೆಟ್ಟಗೆ ನಿಲ್ಲಬಲ್ಲನೇ ಎಂಬುದಕ್ಕೆ 10-20 ವರ್ಷ ಕಾಯಬೇಕು. ವಿದ್ಯಾರ್ಥಿಗಳಾದ ನಿಮ್ಮಲ್ಲಿ ಕೆಲವರು ನಾಳೆ ವೈದ್ಯರಾಗುವಿರಿ. ಎರಡನೆಯ ಪ್ರಶ್ನೆಯನ್ನು ಮರೆಯದಿರಿ.