ಗಣಕಸಮೂಹವೂ ಅದರ ಪಾಲಕನೂ

ವಿಶ್ವವಿದ್ಯಾನಿಲಯಗಳ ಆಡಳಿತದಲ್ಲಿ ಒಂದು ಭ್ರಾಂತಿ ಬಹುಕಾಲದಿಂದ ಬೇರೂರಿರುತ್ತದೆ. ಯಂತ್ರವನ್ನು ಕೊಳ್ಳುವುದಕ್ಕೆ ವಿನಿಯೋಗಿಸಿದ ಹಣವು ವಿದ್ಯೆಗೆ ಸಂದಿತೆಂದೂ, ಕೊಂಡ ಯಂತ್ರವನ್ನು ಪಾಲಿಸುವವನಿಗೆ ಕೊಟ್ಟ ಸಂಬಳವು ದಂಡವಾಯಿತೆಂದೂ ಅದರ ಸ್ವರೂಪ. ಆದುದರಿಂದಲೇ ಹೊಸ ಗಣಕಯಂತ್ರಗಳು ಬಂದ ದಿನ ದೀಪ ಬೆಳಗಿಸಿ ಭಾಷಣಗಳಾಗುತ್ತವೆ. ಅವು ಒಂದೊಂದಾಗಿ ಕೆಟ್ಟು ನಿಂತಾಗ ಕೇಳುವವರಿರುವುದಿಲ್ಲ. ಕಣಭೌತವಿಜ್ಞಾನದ ದತ್ತಾಂಶವನ್ನು ಶೋಧಿಸುವ ಗಣಕಸಮೂಹಗಳಲ್ಲಿ ಈ ಭ್ರಾಂತಿಯಿಂದಾಗುವ ಹಾನಿಯು ಸ್ಪಷ್ಟವಾಗಿ ಕಾಣುವುದರಿಂದ ಅದನ್ನೇ ಇಲ್ಲಿ ವಿಚಾರಕ್ಕೆ ತೆಗೆದುಕೊಳ್ಳಬಹುದು.

ಜಿನೀವಾ ನಗರದ ಬಳಿ, ಸ್ವಿಟ್ಜರ್ಲೆಂಡ್ ಮತ್ತು ಫ್ರಾನ್ಸ್ ದೇಶಗಳ ಗಡಿಯ ಕೆಳಗೆ, ೨೭ ಕಿಲೋಮೀಟರು ಸುತ್ತಳತೆಯ ಸುರಂಗದಲ್ಲಿ ಸರ್ನ್ ಸಂಸ್ಥೆಯು ನಿರ್ಮಿಸಿದ ಘರ್ಷಣಯಂತ್ರವು ೨೦೦೮ನೆಯ ಸೆಪ್ಟೆಂಬರಿನಲ್ಲಿ ಮೊದಲು ಚಾಲನೆಗೊಂಡಿತು. ಪ್ರೋಟಾನುಗಳ ಗುಂಪುಗಳು ಒಂದು ಸೆಕೆಂಡಿಗೆ ೪ ಕೋಟಿ ಸಲ ಸಂಧಿಸುವಂತೆ ಅದು ರಚಿತವಾಗಿದೆ. ಅವುಗಳಲ್ಲಿ ಅತ್ಯಲ್ಪಭಾಗವನ್ನು ಮಾತ್ರ ಆರಿಸಿಟ್ಟು ಮಿಕ್ಕುದನ್ನೆಲ್ಲ ಅಲ್ಲಿಯೇ ತ್ಯಜಿಸಿದರೂ, ಉಳಿದುದನ್ನು ಒಂದೇ ಊರಿನ ಯಂತ್ರಗಳಿಂದ ಪರಿಶೀಲಿಸಲಾಗದು. ಆದಕಾರಣ ೪೦ಕ್ಕೂ ಹೆಚ್ಚು ದೇಶಗಳ ಸುಮಾರು ೧೭೦ ಕೇಂದ್ರಗಳು ಜಾಲವಾಗಿ ಕೂಡಿ ಆ ಭಾರವನ್ನು ಹಂಚಿಕೊಂಡಿವೆ. ಭರತಖಂಡದಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯೂ ಕೋಲ್ಕತ್ತದ ವೇರಿಯಬಲ್ ಎನರ್ಜಿ ಸೈಕ್ಲೋಟ್ರಾನ್ ಕೇಂದ್ರವೂ ಈ ಜಾಲಕ್ಕೆ ಸೇರಿರುತ್ತವೆ. ಇವೆಲ್ಲಕ್ಕೂ ಕೆಳಗಿನ ಮೆಟ್ಟಿಲಿನಲ್ಲಿ, ಒಂದೊಂದು ವಿಶ್ವವಿದ್ಯಾನಿಲಯದ ವಿಭಾಗವು ತನ್ನ ವಿದ್ಯಾರ್ಥಿಗಳಿಗಾಗಿ ಇಟ್ಟುಕೊಂಡ ಸಣ್ಣ ಗಣಕಸಮೂಹವಿರುವುದು.

ಇಷ್ಟು ಯಂತ್ರಗಳೇಕೆ? ಒಂದು ಅಗುಳನ್ನು ಹಿಸುಕಿ ಪಾತ್ರೆಯ ಅನ್ನವೆಲ್ಲ ಬೆಂದಿತೆಂದು ತಿಳಿಯುವ ಸ್ಥಾಲೀಪುಲಾಕನ್ಯಾಯವು ಇಲ್ಲಿ ಸಲ್ಲದು. ಹಿಗ್ಸ್ ಕಣವು ಹುಟ್ಟುವುದು ಸುಮಾರು ನೂರು ಕೋಟಿ ಘರ್ಷಣೆಗಳಿಗೆ ಒಂದು ಸಲ. ಹುಟ್ಟಿದ ಕ್ಷಣವೇ ಅಳಿದು ಬೇರೆ ಕಣಗಳಾಗುವುದರಿಂದ, ಅವುಗಳ ಜಾಡನ್ನು ಹಿಡಿದೇ ಅದನ್ನು ಅನುಮಾನಿಸಬೇಕು. ಆರಿಸಿಟ್ಟ ಘಟನೆಗಳನ್ನು ಒಂದೊಂದಾಗಿ ನೋಡದೆ ಗತ್ಯಂತರವಿಲ್ಲ. ಪುಣ್ಯವಶಾತ್ ಒಂದು ಘಟನೆಯ ಪರಿಶೀಲನೆಗೆ ಇನ್ನೊಂದರ ಹಂಗಿಲ್ಲ. ಉತ್ತರಪತ್ರಿಕೆಗಳನ್ನು ನೂರು ಪರೀಕ್ಷಕರಿಗೆ ಹಂಚುವಂತೆ ಅವನ್ನು ನೂರು ಸಾಧಾರಣ ಯಂತ್ರಗಳಿಗೆ ಹಂಚಬಹುದು. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ೧೯೮೦ರ ದಶಕದಲ್ಲಿ ಮಿರಾನ್ ಲಿವ್ನಿಯವರ ತಂಡವು ಆರಂಭಿಸಿದ ಕಾಂಡಾರ್ ವ್ಯವಸ್ಥೆಯು ಇಂಥ ಹಂಚಿಕೆಯನ್ನೇ ಮಾಡುವುದು. ೧೯೯೪ರಲ್ಲಿ ನಾಸಾ ಸಂಸ್ಥೆಯ ಥಾಮಸ್ ಸ್ಟರ್ಲಿಂಗ್, ಡೊನಾಲ್ಡ್ ಬೆಕರ್ ಇವರು ಅಂಗಡಿಯಲ್ಲಿ ದೊರೆಯುವ ೧೬ ಯಂತ್ರಗಳನ್ನು ಹೆಣೆದು ತೋರಿಸಿದ ಮೇಲೆ ಗಣಕಸಮೂಹವು ಸಾಮಾನ್ಯ ವಿಭಾಗಗಳ ಕೈಗೂ ಎಟುಕಿತು. ಆದರೆ ಪರೀಕ್ಷಕರು ನೂರಾದರೆ ಮುಖ್ಯಪರೀಕ್ಷಕನೊಬ್ಬನು ಬೇಡವೆ?

ಅವನ ಮೊದಲನೆಯ ಕೆಲಸ ಸರದಿಯ ಪಾಲನೆ. ಬಾಣಲೆಯನ್ನು ಒಬ್ಬನೂ ಸೂಜಿಯನ್ನು ಒಬ್ಬನೂ ಕೇಳಿದಾಗ ಕಮ್ಮಾರನು ಸೂಜಿಯನ್ನೇ ಮೊದಲು ಮುಗಿಸುತ್ತಾನೆ, ಇದು ಸೂಚೀಕಟಾಹನ್ಯಾಯ. ಸೂಜಿ ಕೇಳುವವರು ಎಡೆಬಿಡದೆ ಬರುತ್ತಿದ್ದರೆ ಬಾಣಲೆಯವನು ಬಾಗಿಲಲ್ಲಿಯೇ ಮುದುಕನಾಗುವನು. ಐದು ನಿಮಿಷದ ಲೆಕ್ಕಗಳೂ ಐದು ದಿನದ ಲೆಕ್ಕಗಳೂ ಒಂದೇ ಸಾಲಿನಲ್ಲಿ ನಿಂತಾಗ, ಹಿಂದೆ ಹೆಚ್ಚು ಬಳಸಿದವನನ್ನು ಕೊಂಚ ತಡೆದು, ಕಡಮೆ ಬಳಸಿದವನನ್ನು ಮುಂದೆ ಬಿಡುವ ಕಟ್ಟಳೆಯನ್ನು ಯಂತ್ರಕ್ಕೆ ವಿಧಿಸಬೇಕು. ಕಟ್ಟಳೆಯನ್ನು ನಡೆಸುವುದು ಯಂತ್ರ; ಯಾರ ಪಾಲು ಎಷ್ಟೆಂಬ ವಿವೇಕವು ಮನುಷ್ಯನದು.

ಎರಡನೆಯದು ಪಾಠಶುದ್ಧಿ. ಡಿಸ್ಕು ಕೆಟ್ಟರೆ ಗೊತ್ತಾಗುವುದು. ಕೆಡದೆಯೇ ತಪ್ಪು ಅಕ್ಷರವನ್ನು ಹಿಂದಿರುಗಿಸಿದರೆ ಗೊತ್ತಾಗದು. ಇಂಥ ನಿಶ್ಶಬ್ದ ದೋಷಗಳುಂಟೆಂದು ಸರ್ನ್ ಸಂಸ್ಥೆಯವರು ೨೦೦೭ರಲ್ಲಿ ತಮ್ಮ ಯಂತ್ರಗಳನ್ನೇ ಪರೀಕ್ಷಿಸಿ ಕಂಡುಕೊಂಡರು. ವೇದಪಾಠಿಗಳು ಕ್ರಮ, ಜಟೆ, ಘನಗಳಿಂದ ಒಂದೇ ಮಂತ್ರವನ್ನು ಹಲವು ಬಗೆಯಾಗಿ ಹೇಳಿ ಸ್ಖಾಲಿತ್ಯವನ್ನು ಹಿಡಿಯುವಂತೆ, ಇಲ್ಲಿ ಒಂದೊಂದು ಕಡತಕ್ಕೂ ಪರೀಕ್ಷಾಸಂಖ್ಯೆಯನ್ನು ಕಟ್ಟಿ ಮತ್ತೆ ಮತ್ತೆ ತಾಳೆ ನೋಡಬೇಕು.

ಮೂರನೆಯದು ಜೀರ್ಣೋದ್ಧಾರ. ಈ ಕ್ಷೇತ್ರದಲ್ಲಿ ಬಹುವಾಗಿ ಬಳಕೆಯಲ್ಲಿದ್ದ ಸೆಂಟ್‌ಓಎಸ್ ೭, ಸೈಂಟಿಫಿಕ್ ಲಿನಕ್ಸ್ ೭ ಎಂಬ ವ್ಯವಸ್ಥೆಗಳ ಪೋಷಣೆಯು ೨೦೨೪ನೆಯ ಜೂನ್ ೩೦ಕ್ಕೆ ಮುಗಿಯಿತು. ಆ ಬಳಿಕ ಅವುಗಳಲ್ಲಿ ಬಿರುಕು ಕಂಡರೆ ತಯಾರಕರು ಮುಚ್ಚುವುದಿಲ್ಲ. ಯಂತ್ರಗಳನ್ನೆಲ್ಲ ಹೊಸ ವ್ಯವಸ್ಥೆಗೆ ಸಾಗಿಸಬೇಕು. ಹಳೆಯ ಲೆಕ್ಕವು ಹಳೆಯ ಉತ್ತರವನ್ನೇ ಕೊಡುವಂತೆಯೂ ಕಾಯಬೇಕು. ಪಾಲಕನಿಲ್ಲದ ವಿಭಾಗದಲ್ಲಿ ಇದನ್ನು ಮಾಡುವವರು ಯಾರು?

ಸಂಶೋಧಕ ವಿದ್ಯಾರ್ಥಿಗಳೇ ಮಾಡಿಕೊಳ್ಳಲಿ ಎಂಬುದು ಒಂದು ಪೂರ್ವಪಕ್ಷ. ವಿದ್ಯಾರ್ಥಿಯು ಬಂದದ್ದು ಕಣಗಳನ್ನು ಅರಿಯುವುದಕ್ಕೆ. ಯಂತ್ರದ ಮರ್ಮವು ಅವನಿಗೆ ತಿಳಿಯುವ ಹೊತ್ತಿಗೆ ಪ್ರಬಂಧವನ್ನು ಒಪ್ಪಿಸಿ ಹೊರಡುವ ಕಾಲ ಬಂದಿರುತ್ತದೆ. ಅವನೊಡನೆ ಆ ತಿಳಿವಳಿಕೆಯೂ ಊರು ಬಿಡುತ್ತದೆ. ಮುಂದಿನವನು ಓನಾಮದಿಂದ ತೊಡಗಬೇಕು. ಹೀಗೆ ಉಳಿಸಿದ ಸಂಬಳವನ್ನು ಬಡ ಹುಡುಗನೊಬ್ಬನ ಯೌವನದ ವರ್ಷಗಳಲ್ಲಿ ತೆತ್ತಂತಾಯಿತು.

ದೊಡ್ಡ ಕಂಪೆನಿಗಳಿಂದ ಯಂತ್ರಕಾಲವನ್ನು ಬಾಡಿಗೆಗೆ ಪಡೆದರಾಯಿತು ಎಂಬುದು ಇನ್ನೊಂದು. ಕೆಲವು ದಿನಗಳ ನೂಕುನುಗ್ಗಲಿಗೆ ಅದು ಉಪಯುಕ್ತವೆಂಬುದನ್ನು ಒಪ್ಪತಕ್ಕದ್ದೇ. ಆದರೆ ವರ್ಷವೆಲ್ಲ ನಡೆಯುವ ಶೋಧನೆಗೆ ಬಾಡಿಗೆಯ ಎತ್ತನ್ನು ಕಟ್ಟಿ ಬೇಸಾಯ ಮಾಡಿ ಉಳಿದವರಿಲ್ಲ. ಅಲ್ಲಿ ದತ್ತಾಂಶವನ್ನು ಇಟ್ಟುದಕ್ಕೆ ಒಂದು ದರ, ಹೊರತೆಗೆದುದಕ್ಕೆ ಮತ್ತೊಂದು. ಬಾಡಿಗೆಯ ಯಂತ್ರವನ್ನು ಹದವರಿತು ನಡೆಸುವುದಕ್ಕೂ ಬಲ್ಲವನೊಬ್ಬನು ಬೇಕೇ ಬೇಕು.

ಅವನು ಪರಿಚಾರಕನಷ್ಟೆ, ಪಂಡಿತರ ಸಾಲಿನಲ್ಲಿ ಅವನಿಗೇನು ಸ್ಥಾನ ಎಂಬುದು ಕಡೆಯ ಆಕ್ಷೇಪ, ಎಲ್ಲಕ್ಕಿಂತ ಕೃಪಣವಾದುದು. ೨೦೧೨ನೆಯ ಜುಲೈ ೪ರಂದು ಹೊಸ ಕಣವು ದೊರೆಯಿತೆಂದು ಸಾರಿದಾಗ, ಸರ್ನ್ ಸಂಸ್ಥೆಯ ಅಂದಿನ ಮಹಾನಿರ್ದೇಶಕ ರಾಲ್ಫ್ ಹಾಯರ್ ಅವರು ಘರ್ಷಣಯಂತ್ರ, ಪ್ರಯೋಗಗಳು, ಗಣಕಜಾಲ ಎಂಬ ಮೂರಕ್ಕೂ ಆ ಯಶಸ್ಸನ್ನು ಸಲ್ಲಿಸಿದರು. ೨೦೧೫ರಲ್ಲಿ ಎರಡು ಪ್ರಯೋಗತಂಡಗಳು ಹಿಗ್ಸ್ ಕಣದ ದ್ರವ್ಯರಾಶಿಯನ್ನು ಕುರಿತು ಕೂಡಿ ಪ್ರಕಟಿಸಿದ ಲೇಖನಕ್ಕೆ ೫,೧೫೪ ಮಂದಿ ಕರ್ತೃಗಳು. ೩೩ ಪುಟಗಳಲ್ಲಿ ವಿಷಯಕ್ಕೆ ೯, ಹೆಸರುಗಳಿಗೂ ಸಂಸ್ಥೆಗಳಿಗೂ ೨೪. ಇಷ್ಟು ಉದಾರವಾದ ಕ್ಷೇತ್ರದಲ್ಲಿಯೂ ವಿಭಾಗದ ಗಣಕಪಾಲಕನಿಗೆ ಒಂದು ಗೆರೆಯು ನಿಶ್ಚಿತವಾಗಿಲ್ಲದಿರುವುದು ಅನುಚಿತ.

ಆದುದರಿಂದ ಮಾಡಬೇಕಾದುದು ಸ್ಪಷ್ಟ. ಯಂತ್ರಕ್ಕೆ ಹಣ ಮಂಜೂರು ಮಾಡುವಾಗಲೇ, ಅದು ಬಾಳುವಷ್ಟು ಕಾಲದ ಪಾಲಕನ ವೇತನವನ್ನೂ ಅದೇ ಪತ್ರದಲ್ಲಿ ಸೇರಿಸತಕ್ಕದ್ದು. ಆ ಹುದ್ದೆಯನ್ನು ಕಾಯಂ ಮಾಡತಕ್ಕದ್ದು. ಅವನ ಕೆಲಸವನ್ನು ಬಡ್ತಿಯ ಸಮಯದಲ್ಲಿ ವಿದ್ವತ್ಕಾರ್ಯವೆಂದೇ ಎಣಿಸತಕ್ಕದ್ದು. ಅಷ್ಟಕ್ಕೆ ಹಣ ಸಾಲದಿದ್ದರೆ ಎರಡು ಯಂತ್ರಗಳನ್ನು ಕಡಮೆ ಕೊಳ್ಳಲಿ. ಪಾಲಿಸುವವನಿರುವ ಹತ್ತು ಯಂತ್ರಗಳು ಅನಾಥವಾದ ಇಪ್ಪತ್ತಕ್ಕಿಂತ ಹೆಚ್ಚು ಕೆಲಸ ಮಾಡುವುವು.