ಗೃಹಾರೋಗ್ಯ: ವಿದ್ಯಾಮಂದಿರದ ಬರೆಹಗಾರರು

ವಿಶ್ವವಿದ್ಯಾನಿಲಯವೆಂದೊಡನೆ ನಮ್ಮ ಕಣ್ಣಮುಂದೆ ಬಂದು ನಿಲ್ಲುವುವು ಉಪನ್ಯಾಸಮಂದಿರ, ಪುಸ್ತಕಭಂಡಾರ, ಘಟಿಕೋತ್ಸವದ ನಿಲುವಂಗಿ ಇವೇ ಮೊದಲಾದುವು. ಪರೀಕ್ಷಾ ವಿಭಾಗದ ಕೊಠಡಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಂಕಗಳನ್ನು ತಾಳೆನೋಡುವ ಗುಮಾಸ್ತರನ್ನು ನೆನೆಯುವವರು ವಿರಳ. ಅವರ ಕೈಯಲ್ಲಿ ಒಂದು ಅಂಕೆ ತಪ್ಪಿದರೆ ಯಾವುದೋ ಹಳ್ಳಿಯ ಹುಡುಗಿಯೊಬ್ಬಳ ವರ್ಷವೇ ವ್ಯರ್ಥವಾದೀತು. ಈ ಭಾರವನ್ನು ಹೊತ್ತವರು ನಮ್ಮ ನಮ್ಮ ಮನೆಯವರೇ: ಒಬ್ಬರ ಯಜಮಾನರು, ಇನ್ನೊಬ್ಬರ ಸೊಸೆ, ಮತ್ತೊಬ್ಬರ ತಮ್ಮ. ಆದುದರಿಂದ ಅವರ ದೇಹಸ್ಥಿತಿ, ಮನಸ್ಸಿನ ನೆಮ್ಮದಿ, ಕೆಲಸದಲ್ಲಿನ ಏಳಿಗೆ ಈ ಮೂರನ್ನು ಕುರಿತು ಈ ತಿಂಗಳು ವಿಚಾರಮಾಡುವುದು ಯುಕ್ತವೆಂದು ತೋರುತ್ತದೆ.

ಕುಳಿತು ಬರೆಯುವವರ ಬೇನೆ ಹೊಸದಲ್ಲ. ಇಟಲಿ ದೇಶದ ಪಾದುವಾ ವಿಶ್ವವಿದ್ಯಾನಿಲಯದಲ್ಲಿ ವೈದ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದ ಬರ್ನಾರ್ಡಿನೋ ರಾಮಾಜ್ಜಿನಿಯೆಂಬ ಪಂಡಿತನು ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. 1713ರಲ್ಲಿ ಅದನ್ನು ಹಿಗ್ಗಿಸಿ ಹೊರತಂದಾಗ ಲಿಪಿಕಾರರ ವಿಷಯವನ್ನೂ ಸೇರಿಸಿದನು. ಅವರ ಬೇನೆಗೆ ಆತನು ಕಂಡ ಕಾರಣಗಳು ಮೂರು: ಎಡೆಬಿಡದೆ ಕುಳಿತಿರುವುದು, ಕೈಯನ್ನು ಸತತವಾಗಿ ಒಂದೇ ರೀತಿಯಲ್ಲಿ ಆಡಿಸುವುದು, ತಪ್ಪು ಬಿದ್ದು ಯಜಮಾನನಿಗೆ ನಷ್ಟವಾದೀತೆಂಬ ಮನಸ್ಸಿನ ಬಿಗಿತ. ಇಂದು ಲೇಖನಿ ಹೋಗಿ ಕಂಪ್ಯೂಟರ್ ಬಂದಿದೆ; ಕಾರಣಗಳು ಮಾತ್ರ ಮೂರೂ ಹಾಗೆಯೇ ಉಳಿದಿವೆ.

ಮೊದಲನೆಯದನ್ನು ನೋಡೋಣ. ಲಂಡನ್ ನಗರದ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಡಾಕ್ಟರ್ ಜೆರೆಮಿ ಮಾರಿಸ್ ಮತ್ತು ಅವರ ಸಂಗಡಿಗರು ಪರಿಶೀಲಿಸಿ 1953ರಲ್ಲಿ ಫಲವನ್ನು ಪ್ರಕಟಿಸಿದರು. ಕುಳಿತು ಬಸ್ಸು ನಡೆಸುವ ಚಾಲಕರಿಗಿಂತ, ದಿನವೆಲ್ಲ ಮೆಟ್ಟಿಲು ಹತ್ತಿ ಇಳಿಯುವ ಕಂಡಕ್ಟರುಗಳಲ್ಲಿ ಹೃದ್ರೋಗ ಕಡಿಮೆಯಾಗಿತ್ತು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮ ಮಾಡಬೇಕೆಂದೂ ಕುಳಿತಿರುವ ಕಾಲವನ್ನು ತಗ್ಗಿಸಬೇಕೆಂದೂ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿತು. ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಬಿರುಸಾಗಿ ನಡೆದರೆ ಮೊದಲ ಲೆಕ್ಕ ಸಂದಿತು. ಇದಕ್ಕೆ ಹಣದ ವೆಚ್ಚವಿಲ್ಲ.

ಕಚೇರಿಯಲ್ಲಿ ಗಂಟೆಗೊಮ್ಮೆಯಾದರೂ ಎದ್ದು ನಾಲ್ಕು ಹೆಜ್ಜೆ ಹಾಕಬೇಕು. ಮುಂಗೈ, ಬೆರಳು, ಭುಜಗಳನ್ನು ಸಡಿಲಿಸಿ ಆಡಿಸಬೇಕು. ಕಂಪ್ಯೂಟರ್ ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಇರುವುದು ಕತ್ತಿಗೆ ಹಿತ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿದರೆ ಕಣ್ಣಿಗೆ ವಿಶ್ರಾಂತಿ. ಎದ್ದುಹೋಗಬೇಕಾದೀತೆಂಬ ಸಂಕೋಚದಿಂದ ನೀರನ್ನೇ ಕುಡಿಯದೆ ದಿನ ಕಳೆಯುವ ಸೋದರಿಯರುಂಟು. ಅದು ತಮ್ಮ ದೇಹಕ್ಕೆ ತಾವೇ ಮಾಡಿಕೊಳ್ಳುವ ಅನ್ಯಾಯ. ಮಹಿಳೆಯರಿಗೆ ಶುಚಿಯಾದ ಶೌಚಗೃಹವನ್ನು ಒದಗಿಸುವುದು ಮೇಲಧಿಕಾರಿಗಳ ಕರ್ತವ್ಯವೇ ಹೊರತು ದಾಕ್ಷಿಣ್ಯವಲ್ಲ.

ದುಡಿಮೆಗೂ ಒಂದು ಮಿತಿಯುಂಟು. ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿದುದರ ಪರಿಣಾಮವಾಗಿ 2016ರಲ್ಲಿ ಜಗತ್ತಿನಲ್ಲಿ ಸುಮಾರು 7,45,000 ಮಂದಿ ಹೃದ್ರೋಗ ಮತ್ತು ಮೆದುಳಿನ ಆಘಾತಗಳಿಂದ ಮೃತರಾದರೆಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ 2021ರಲ್ಲಿ ಅಂದಾಜುಮಾಡಿದುವು. ಫಲಿತಾಂಶದ ಕಾಲದಲ್ಲಿ ರಾತ್ರಿಯ ತನಕ ಕುಳಿತು ಕೆಲಸಮಾಡುವುದನ್ನು ನಿಷ್ಠೆಯೆಂದು ಹೊಗಳುವ ಮುನ್ನ ಈ ಅಂಕೆಯನ್ನು ನೆನೆಯತಕ್ಕದ್ದು.

ರಾಮಾಜ್ಜಿನಿ ಹೇಳಿದ ಮೂರನೆಯ ಕಾರಣವೇ ಎಲ್ಲಕ್ಕಿಂತ ಸೂಕ್ಷ್ಮವಾದುದು. ಕರ್ನಾಟಕದಲ್ಲಿ 2021ರಲ್ಲಿ ನಾಲ್ಕು ವರ್ಷದ ಪದವಿ ಪದ್ಧತಿ ಬಂದಿತು. 2024ರಲ್ಲಿ ಮತ್ತೆ ಮೂರು ವರ್ಷದ ಪದ್ಧತಿಗೆ ಮರಳಿದುದಾಯಿತು. ಈ ನಡುವೆ ಪ್ರವೇಶ, ಪರೀಕ್ಷೆಗಳ ಲೆಕ್ಕವೂ ಕಂಪ್ಯೂಟರಿನ ಹೊಸ ಏರ್ಪಾಟಿಗೆ ಸೇರಿತು. ಇಪ್ಪತ್ತು ವರ್ಷ ಕಡತಗಳಲ್ಲಿ ಪಳಗಿದ ಹಿರಿಯನು, ನಿನ್ನೆ ಸೇರಿದ ಹುಡುಗನನ್ನು ಕೇಳಿ ಕಲಿಯಬೇಕಾಯಿತು. ಕೇಳಲು ಸಂಕೋಚ, ಕೇಳದಿದ್ದರೆ ತಪ್ಪಿನ ಭಯ. ಅರಿಯದುದನ್ನು ಅರಿತಂತೆ ನಟಿಸುವ ಬಳಲಿಕೆ ಮೈದುಡಿಮೆಯ ಬಳಲಿಕೆಗಿಂತ ಘೋರವಾದುದು. ಶಕ್ತಿ ಬತ್ತುವುದು, ಕೆಲಸದಲ್ಲಿ ಬೇಸರ ಹುಟ್ಟಿ ಮನಸ್ಸು ದೂರವಾಗುವುದು, ದಕ್ಷತೆ ಕುಗ್ಗುವುದು ಎಂಬ ಮೂರು ಲಕ್ಷಣಗಳುಳ್ಳ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ವಿವರಿಸಿ, ಇದು ಕಾಯಿಲೆಯಲ್ಲ, ಉದ್ಯೋಗದಿಂದ ಬರುವ ಸ್ಥಿತಿ ಎಂದು ಹೇಳಿತು. ಉದ್ಯೋಗದಿಂದ ಬಂದುದಕ್ಕೆ ಚಿಕಿತ್ಸೆಯೂ ಉದ್ಯೋಗದಲ್ಲಿಯೇ ಆರಂಭವಾಗಬೇಕಲ್ಲವೆ? ತಕ್ಕ ಶಿಕ್ಷಣವೇ ಆ ಭಯಕ್ಕೆ ಮದ್ದು.

ಅಧ್ಯಾಪಕರಿಗೆ ಈ ಅನುಕೂಲವುಂಟು. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ ಅವರ ತರಬೇತಿಗಾಗಿ ಹಲವು ವಿಶ್ವವಿದ್ಯಾನಿಲಯಗಳಲ್ಲಿ ಕೇಂದ್ರಗಳು ಹುಟ್ಟಿದುವು. ಮೈಸೂರು, ಬೆಂಗಳೂರುಗಳಲ್ಲಿಯೂ ಸ್ಥಾಪಿತವಾದುವು. 2023ರಿಂದ ಈ ಕಾರ್ಯವು ಮದನಮೋಹನ ಮಾಳವೀಯರ ಹೆಸರಿನಲ್ಲಿ ನಡೆಯುತ್ತಿದೆ. ಅಧ್ಯಾಪಕರ ಬಡ್ತಿಗೂ ಈ ಶಿಕ್ಷಣಕ್ಕೂ ನಿಯಮದಿಂದ ಗಂಟು ಹಾಕಿದೆ. ಬರೆಹಗಾರರ ಪಾಲಿಗೆ ಇಂತಹ ದೃಢವಾದ ಸೋಪಾನವಿಲ್ಲದಿರುವುದು ಶೋಚನೀಯ. ಹೊಸ ಪದ್ಧತಿ ಬಂದಾಗಲೆಲ್ಲ ಅವರಿಗೆ ಕಚೇರಿಯ ವೇಳೆಯಲ್ಲಿಯೇ, ಕನ್ನಡದಲ್ಲಿಯೇ, ತಪ್ಪುಮಾಡಿ ತಿದ್ದಿಕೊಳ್ಳಲು ಅವಕಾಶವಿರುವಂತೆ ಕಲಿಸಬೇಕು. ಅಲ್ಲಿಯವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. 2017ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ‘ಸ್ವಯಂ’ ವ್ಯವಸ್ಥೆಯಲ್ಲಿ ಪಾಠಗಳನ್ನು ಮನೆಯಲ್ಲಿಯೇ ಉಚಿತವಾಗಿ ಕಲಿಯಬಹುದು. ಪದವಿ ಬೇಕಾದವರಿಗೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವು 1996ರಿಂದ ಇದೆ.

ಇನ್ನು ಮನೆಯವರ ಪಾತ್ರ. ದುಡಿದು ಬಂದವರು ಹೊಸಲು ದಾಟುವ ಮೊದಲೇ ಹಾಲಿನ ಲೆಕ್ಕ, ನೆಂಟರ ದೂರು ತೆಗೆಯಬಾರದು. ಊಟದ ಹೊತ್ತಿನಲ್ಲಿ ಕಚೇರಿಯ ದೂರವಾಣಿಗೆ ಬಿಡುವು ಕೊಡಿಸಬೇಕು. ಸಂಜೆಯ ನಡಿಗೆಗೆ ಜೊತೆಯಾಗಬೇಕು. ದುಡಿದು ಬಂದವಳು ಗೃಹಿಣಿಯಾದರೆ ಅಡಿಗೆಮನೆಯಲ್ಲಿ ಅವಳಿಗೆ ಎರಡನೆಯ ಕಚೇರಿ ಕಾದಿರುತ್ತದೆಂಬುದನ್ನು ಗಂಡಸರು ಮರೆಯಬಾರದು. ತರಕಾರಿ ಹೆಚ್ಚಿದರೆ, ಮಕ್ಕಳಿಗೆ ಪಾಠ ಹೇಳಿದರೆ ಅವರ ಗೌರವಕ್ಕೆ ಕುಂದು ಬಾರದು. ಕಲಿಯಬೇಕೆಂದು ಹಿರಿಯರು ಹೊರಟಾಗ ‘ಈ ವಯಸ್ಸಿನಲ್ಲಿ ಏಕೆ?’ ಎಂಬ ಮಾತು ಯಾರ ಬಾಯಿಂದಲೂ ಬರಬಾರದು.

ನಿದ್ದೆ ಕೆಟ್ಟು, ಊಟ ರುಚಿಸದೆ, ಮಾತು ಕಡಿಮೆಯಾಗಿ ವಾರಗಳು ಕಳೆದರೆ ಅದನ್ನು ಬರಿಯ ಆಯಾಸವೆಂದು ತಳ್ಳಿಹಾಕದೆ ವೈದ್ಯರನ್ನು ಕಾಣಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸೇವೆಯ 14416 ಎಂಬ ಸಂಖ್ಯೆಗೆ ದೂರವಾಣಿಯ ಮೂಲಕ ಕರೆಮಾಡಿದರೆ ಹಗಲಿರುಳೂ ಉಚಿತವಾಗಿ ಸಲಹೆ ದೊರೆಯುವುದು. ಸಾವಿರಾರು ಮನೆಗಳ ಮಕ್ಕಳ ಅಂಕಗಳನ್ನು ಕಾಯುವವರ ಆರೋಗ್ಯವನ್ನು ಅವರ ಮನೆಯವರು ಕಾಯುವುದು ನ್ಯಾಯವಾದ ಋಣಸಂದಾಯವೇ ಸರಿ.