ಅಗ್ಗದ ಕೆಂಪು ವೈನಿಗೂ ಊರಿನ ಹೆಸರಿರಲಿ

ಆಸ್ಟ್ರೇಲಿಯದ ಅಗ್ಗದ ಕೆಂಪು ವೈನಿನ ಸೀಸೆ ಕೈಗೆ ಬಂದರೆ ಮೊದಲು ಅದರ ಚೀಟಿಯನ್ನು ಓದಿರಿ. ‘ಸೌತ್ ಈಸ್ಟರ್ನ್ ಆಸ್ಟ್ರೇಲಿಯ’ ಎಂದಿದ್ದರೆ ಅದಕ್ಕೆ ಊರೇ ಇಲ್ಲವೆನ್ನಬೇಕು. ಮೂರು ಇಡೀ ರಾಜ್ಯಗಳೂ ಇನ್ನೆರಡರ ಭಾಗಗಳೂ ಆ ಹೆಸರಿನೊಳಗಿವೆ. ಇಂಥ ವೈನಿಗೆ ಹಣ್ಣು ಬಹುಪಾಲು ಬರುವುದು ರಿವರ್‌ಲ್ಯಾಂಡ್, ರಿವರಿನಾ ಮುಂತಾದ ಒಳನಾಡಿನ ನೀರಾವರಿ ತೋಟಗಳಿಂದ. ಇಳುವರಿ ಹೆಚ್ಚು, ರುಚಿ ಮೆದು. ದಿನದ ಊಟಕ್ಕೆ ಧಾರಾಳ ಸಾಕು.

ಬರೋಸ ಕಣಿವೆಯ ಶಿರಾಜ್ ಬೇರೆಯೇ: ಗಾಢ ಬಣ್ಣ, ತುಂಬು ರುಚಿ. ಅಲ್ಲಿ 1840ರ ದಶಕದ ಬಳ್ಳಿಗಳು ಇಂದೂ ಫಲ ಕೊಡುತ್ತಿವೆ! ಕೂನವಾರದಲ್ಲಿ ಸುಣ್ಣಕಲ್ಲಿನ ಮೇಲೆ ತೆಳು ಕೆಮ್ಮಣ್ಣು, ತಂಪು ಹವೆ. ಅಲ್ಲಿನ ಕ್ಯಾಬರ್ನೆ ಸಾವಿನ್ಯಾನ್‌ನಲ್ಲಿ ಪುದೀನದ ಸುಳಿವು. ಚೀಟಿಯಲ್ಲಿ ಪ್ರದೇಶದ ಹೆಸರು ಹಾಕಿದರೆ ಶೇಕಡ 85ರಷ್ಟಾದರೂ ಹಣ್ಣು ಅಲ್ಲಿಯದೇ ಇರಬೇಕೆಂಬುದು ಆ ದೇಶದ ಕಾನೂನು.

ಊರಿನ ಹೆಸರಿಲ್ಲದ ಹಣ್ಣಿಗೆ ಕೊಳ್ಳುವವನು ಹೇಳಿದ್ದೇ ಬೆಲೆ. 2021ರಲ್ಲಿ ಚೀನ ಭಾರಿ ಸುಂಕ ಹೇರಿತು. 2024ರಲ್ಲಿ ಅದನ್ನು ತೆಗೆದ ಮೇಲೂ ರಿವರ್‌ಲ್ಯಾಂಡಿನ ಹಲವರು ಬೆಳೆದ ಖರ್ಚಿಗಿಂತ ಕಡಮೆಗೆ ಕೆಂಪು ಹಣ್ಣನ್ನು ಮಾರಿದರು. ಈಗ ಅಲ್ಲಿನ ಕೆಲವರು ಮೊಂಟೆಪುಲ್ಚಾನೋ, ನೀರೋ ದಾವೋಲದಂಥ ಬಿಸಿಲು ತಾಳುವ ತಳಿಗಳನ್ನು ಬೆಳೆದು, ‘ರಿವರ್‌ಲ್ಯಾಂಡ್’ ಎಂದೇ ಚೀಟಿ ಹಚ್ಚುತ್ತಿದ್ದಾರೆ. ಕೊಳ್ಳುವವರಾದರೆ, ಸಿಕ್ಕಲ್ಲಿ ಅದನ್ನೇ ಆರಿಸಿರಿ.